ಹದಿನಾಲ್ಕನೇ ತಾಕು

ಗುಂಡಿ ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ ಇರಬೇಕು. ಗುಂಡಿಯಿಂದ ಗುಂಡಿಗೆ ಮೂರು ಮೀಟರ್. ಹದಿನಾಲ್ಕನೇ ತಾಕಿನಲ್ಲಿ ಇಂಥ ಎರಡು ಸಾವಿರ ಗುಂಡಿ.

ಆ ತಾಕಿನಲ್ಲಿ ನನ್ನ ಗಂಡನನ್ನು ಹೂತಿದ್ದೇವೆ.

ತುಮಕೂರಿನ ಬಟವಾಡಿಯಲ್ಲಿರುವ ನಮ್ಮ ಟ್ರಸ್ಟಿನ ಕಚೇರಿಯ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ನಕ್ಷೆ ಬಿಟ್ಟಿದ್ದರು. ಕುಣಿಗಲ್ ಕಡೆಯ ಗುಡ್ಡಗಳಿಂದ ಹೊರಟು, ತುಮಕೂರನ್ನು ಬಳಸಿ, ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಕಾವಲಿನ ಹುಲ್ಲುಬಯಲಿನವರೆಗೆ ಒಂದು ಉದ್ದನೆಯ ಹಸಿರು ಪಟ್ಟಿ. ಯೋಜನೆಯ ಹೆಸರು ಗುಡ್ಡಸಾಲು. ತೋಳ, ಚಿರತೆ, ಕರಡಿಗಳು ಈ ತುದಿಯಿಂದ ಆ ತುದಿಗೆ ಓಡಾಡುವ ದಾರಿಯನ್ನು ಉಳಿಸಬೇಕು. ಅದನ್ನು ಮೂರು ತಾಲ್ಲೂಕಿನ ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಬೇಕು. ಕೇಳಲು ಚೆನ್ನಾಗಿದೆ. ನನಗೂ ಒಂದು ಕಾಲದಲ್ಲಿ ಚೆನ್ನಾಗಿಯೇ ಕೇಳಿಸಿತ್ತು.

ಟ್ರಸ್ಟಿನ ಮುಖ್ಯಸ್ಥ ಶ್ರೀಕರ ಸರ್ ಕೆಂಪು ದೀಪದ ಚುಕ್ಕಿಯನ್ನು ನಕ್ಷೆಯ ತುದಿಗೆ ತಂದು ನಿಲ್ಲಿಸಿದರು.

"ಇದು ಫೋರ್ಟೀನ್. ಪೂರ್ತಿ ಖಾಲಿ ಲ್ಯಾಂಡ್. ಜೂನ್ ಐದನೇ ತಾರೀಕು ನಾನೂರು ಸ್ಟೂಡೆಂಟ್ಸ್ ಇಲ್ಲೇ ಗಿಡ ನೆಡ್ತಾರೆ. ಚೀಫ್ ಗೆಸ್ಟ್ ಕನ್ಫರ್ಮ್ ಆಗಿದ್ದಾರೆ."

ತಾಕಿನ ಮೇಲೆ ಹಳದಿ ಬಣ್ಣವಿತ್ತು. ಹಳದಿ ಎಂದರೆ ಖಾಲಿ ಜಾಗ. ಆ ಹಳದಿ ತುಂಬಿದವಳು ನಾನು.

ಹೇಳಲು ಕಷ್ಟ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ನಾನು ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಮುಗಿಸಿ ಈ ಟ್ರಸ್ಟಿಗೆ ಸೇರಿದೆ. ಆಗಷ್ಟೇ ಮದುವೆಯಾಗಿತ್ತು. ನನ್ನ ಗಂಡ ಸಿದ್ದಾರ್ಥನೂ ಸೇರಿದ. ನಾನು ನೌಕರಳು, ಅವನು ಸ್ವಯಂಸೇವಕ. ಅವನು ಹುಟ್ಟಿದ್ದು ಹಾಗಲವಾಡಿಯ ಪಕ್ಕದ ಕಾಲೋನಿಯಲ್ಲಿ. ಕಾವಲು ಅವನಿಗೆ ಮನೆಯ ಹಿತ್ತಲಿನಷ್ಟೇ ಗೊತ್ತಿತ್ತು. ನೆಲಗುಬ್ಬಿ ಎಲ್ಲಿ ಮೊಟ್ಟೆಯಿಡುತ್ತದೆ, ತೋಳ ಯಾವ ಹಳ್ಳದಲ್ಲಿ ಮರಿ ಹಾಕುತ್ತದೆ, ಎಲ್ಲವೂ. ಅವನು ನಡೆದು ಸರ್ವೆಯ ನಮೂನೆ ತುಂಬುತ್ತಿದ್ದ. ನಾನು ಕಚೇರಿಯಲ್ಲಿ ಕೂತು ಅದನ್ನು ಕಂಪ್ಯೂಟರಿಗೆ ಹಾಕುತ್ತಿದ್ದೆ.

ನಮೂನೆಯಲ್ಲಿ ಜಾಗಕ್ಕೆ ಆರು ಕಾಲಂ ಇದ್ದವು. ಹೊಲ, ತೋಟ, ಕಾಡು, ಕೆರೆ, ದೇವರ ಜಾಗ, ಖಾಲಿ. ಸಿದ್ದಾರ್ಥ ಯಾವುದಕ್ಕೂ ಗುರುತು ಹಾಕದೆ ಅಂಚಿನಲ್ಲಿ ಪೆನ್ನಿನಿಂದ ಬರೆದಿದ್ದ. "ನಮ್ಮ ಕಾಲೋನಿಯ ಸಮಾಧಿ ಜಾಗ. ಅರವತ್ತೊಂದು ಜನ."

ಅದನ್ನು ಹಾಕುವಾಗ ಬೆಂಗಳೂರಿನಿಂದ ಬಂದಿದ್ದ ಇಬ್ಬರು ಇಂಟರ್ನ್ ಹುಡುಗಿಯರು ನನ್ನ ಹಿಂದೆ ನಿಂತಿದ್ದರು. ಒಬ್ಬಳು ಬಗ್ಗಿ ಓದಿದಳು.

"ಸುಧಾ, ನಮ್ಮ ಕಾಲೋನಿ ಅಂದ್ರೆ? ನಿಮ್ಮನೇಲಿ ಹೂಳ್ತಾರಾ? ಸುಡಲ್ವಾ? ನೀವು ಯಾವ ಥರದವ್ರು?"

ಅವಳ ಪ್ರಶ್ನೆಯಲ್ಲಿ ಕೆಟ್ಟತನವಿರಲಿಲ್ಲ. ಆದರೆ ಆ ಕಚೇರಿಯಲ್ಲಿ ನಾನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಜೊತೆ ಕೂತು ಊಟ ಮಾಡುತ್ತಿದ್ದೆ. ಅವರ ಡಬ್ಬಿಯ ಚಿತ್ರಾನ್ನಕ್ಕೆ ನನ್ನ ಚಮಚ ಹೋಗುತ್ತಿತ್ತು.

"ಯಾರೋ ಊರವರು ಹೇಳಿದ್ದನ್ನ ಬರ್ಕೊಂಡಿದಾರೆ," ಅಂದೆ. ಖಾಲಿ ಎಂಬುದನ್ನು ಒತ್ತಿದೆ.

ವಾರ ಕಳೆದ ಮೇಲೆ ಸಿದ್ದಾರ್ಥ ನಕ್ಷೆ ನೋಡಿದ. ಬೈಯಲಿಲ್ಲ.

"ಅಲ್ಲಿ ನಮ್ಮಪ್ಪ ಅವ್ನೆ ಕಣೇ," ಎಂದ.

"ಆಮೇಲೆ ತಿದ್ತೀನಿ ಬಿಡು."

ತಿದ್ದಲಿಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಕಾವಲಿಗೆ ಬೆಂಕಿ ಬಿತ್ತು. ಸ್ವಯಂಸೇವಕರು ಹೊರಡಬೇಕೆಂದು ಅಪರ್ಣ ಮೇಡಂ ಗ್ರೂಪಿಗೆ ಮೆಸೇಜ್ ಹಾಕಿದರು. ಅವರು ಯುವಜನ ವಿಭಾಗದ ಮುಖ್ಯಸ್ಥೆ. ಏಳು ಜನ ಹೋದರು. ಕೈಯಲ್ಲಿ ಹಸಿ ಕೊಂಬೆ, ಕಾಲಲ್ಲಿ ರಬ್ಬರ್ ಚಪ್ಪಲಿ. ಮಧ್ಯಾಹ್ನ ಗಾಳಿ ತಿರುಗಿತು. ಆರು ಜನ ಹಳ್ಳಕ್ಕೆ ಬಿದ್ದು ಬದುಕಿಕೊಂಡರು. ಸಿದ್ದಾರ್ಥನ ಚಪ್ಪಲಿ ಕರಗಿ ಕಾಲಿಗೆ ಅಂಟಿತ್ತು. ಮಣ್ಣು ಮಾಡುವಾಗಲೂ ಅದು ಬಿಡಲಿಲ್ಲ.

ವಾರ್ಷಿಕ ವರದಿಯಲ್ಲಿ ಬೆಂಕಿಯ ಬಗ್ಗೆ ಒಂದು ಪುಟವಿತ್ತು. ಎಷ್ಟು ಎಕರೆ ಉಳಿಯಿತು ಎಂದಿತ್ತು. ಕೊನೆಯ ಸಾಲಿನಲ್ಲಿ, ದುರದೃಷ್ಟವಶಾತ್ ಸ್ಥಳೀಯ ಯುವಕನೊಬ್ಬ ಮೃತಪಟ್ಟನು, ಎಂದಿತ್ತು.

ನಾನು ಕೆಲಸ ಬಿಡಲಿಲ್ಲ. ಹೊಸದಾಗಿ ಯುವ ಸಂಯೋಜಕಿ ಅಂತ ಹೆಸರು ಕೊಟ್ಟರು, ತೆಗೆದುಕೊಂಡೆ. ಅಳು ಬರುತ್ತಿರಲಿಲ್ಲ. ಎಲ್ಲಿ ಕೂತರೂ ಒಂದೇ ಆಗಿತ್ತು. ಹಕ್ಕಿಗಳ ಸದ್ದು ಹಿಡಿಯಲು ಕಾವಲಿನಲ್ಲಿ ರೆಕಾರ್ಡರ್ ಇಟ್ಟಿದ್ದರು. ಆ ಫೈಲುಗಳನ್ನು ಕೇಳಿ ಹಕ್ಕಿಯ ಹೆಸರು ಬರೆಯುವ ಕೆಲಸ ನನ್ನದು. ಇನ್ನೂರ ಹನ್ನೆರಡು ಫೈಲು. ಪ್ರತಿಯೊಂದರ ಮೊದಲಿಗೂ ಅವನ ದನಿ. "ಸಾಲು ಹನ್ನೊಂದು. ಬೆಳಿಗ್ಗೆ ಆರೂ ಹತ್ತು. ಗಾಳಿ ಇಲ್ಲ." ಆಮೇಲೆ ಅರ್ಧ ಗಂಟೆ ಹಕ್ಕಿಗಳು. ನಡುವೆ ಎಲ್ಲೋ ಒಂದು ಕೆಮ್ಮು. ಹುಲ್ಲಿನ ಮೇಲೆ ಹೆಜ್ಜೆ. ಹೆಜ್ಜೆ ದೂರವಾಗುತ್ತಿತ್ತು, ಮತ್ತೆ ಹತ್ತಿರ ಬರುತ್ತಿತ್ತು.

"ಆ ಸ್ಟಾರ್ಟಿಂಗ್ ಹತ್ತು ಸೆಕೆಂಡ್ ಕಟ್ ಮಾಡಿಬಿಡಿ ಸುಧಾ," ಎಂದಿದ್ದರು ಅಪರ್ಣ ಮೇಡಂ. "ನಿಮಗೂ ಒಳ್ಳೇದು."

ಕಟ್ ಮಾಡಿದೆ. ಇನ್ನೂರ ಹನ್ನೆರಡು ಸಲ.

ನಕ್ಷೆ ತೋರಿಸಿದ ದಿನ ಸಭೆ ಮುಗಿದ ಮೇಲೆ ಅಪರ್ಣ ಮೇಡಂ ಕೋಣೆಗೆ ಹೋದೆ.

"ಮೇಡಂ, ಹದಿನಾಲ್ಕರಲ್ಲಿ ಸಮಾಧಿಗಳಿವೆ."

"ಯಾರದು?"

"ಕಾಲೋನಿಯವರದು. ನನ್ನ ಗಂಡನೂ ಅಲ್ಲೇ."

ಅವರು ಕನ್ನಡಕ ತೆಗೆದರು. "ಅಯ್ಯೋ. ಐ ಆ್ಯಮ್ ಸೋ ಸಾರಿ. ಪಹಣೀಲಿ ಇದೆಯಾ?"

"ಇಲ್ಲ."

"ನಮ್ಮ ಸರ್ವೇಲಿ?"

ಅವರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಖಾಲಿ. ಪಕ್ಕದಲ್ಲಿ ನನ್ನ ಹೆಸರು, ತಾರೀಕು.

"ನೀವೇ ಎಂಟ್ರಿ ಮಾಡಿದೀರ ಸುಧಾ. ಈಗ ಹಿಂಗಂದ್ರೆ ಹೇಗೆ? ಫಂಡರ್ಸ್‌ಗೆ ಮ್ಯಾಪ್ ಹೋಗಿಯಾಗಿದೆ." ಆಮೇಲೆ ಮೆತ್ತಗೆ, "ನೋಡಿ, ಅವ್ರ ಮೇಲೆ ಒಂದು ಗಿಡ ಬೆಳೆದ್ರೆ ಎಷ್ಟು ಬ್ಯೂಟಿಫುಲ್ ಅಲ್ವಾ? ಹೊಂಗೆ ನೆಡ್ಸೋಣ. ನೀವೇ ನೆಡಿ. ಫೋಟೋ ಬೇಡ ಅಂದ್ರೆ ಬೇಡ."

ಸಿದ್ದಾರ್ಥ ಹೇಳುತ್ತಿದ್ದ ಮಾತು ಬಾಯಿಗೆ ಬಂತು. ಹುಲ್ಲು ಕಾಡಿನ ಬಡ ತಮ್ಮನಲ್ಲ, ಅದಕ್ಕೆ ಗಿಡ ನೆಟ್ಟರೆ ತೋಳ ಎಲ್ಲಿ ಓಡಬೇಕು, ನೆಲಗುಬ್ಬಿ ಎಲ್ಲಿ ಮೊಟ್ಟೆಯಿಡಬೇಕು. ಸರಿ ಮೇಡಂ, ಎಂದು ಎದ್ದು ಬಂದೆ.

ಮೇ ಕೊನೆಯ ವಾರ ಗುಂಡಿ ತೆಗೆಯಲು ಹಾಸ್ಟೆಲ್ ಮಕ್ಕಳು ಬಂದರು. ಗುಬ್ಬಿ ಮತ್ತು ಕುಣಿಗಲ್‌ನ ಸರ್ಕಾರಿ ಹಾಸ್ಟೆಲ್‌ಗಳ ಎಪ್ಪತ್ತಮೂರು ಹುಡುಗ ಹುಡುಗಿಯರು. ಎಲ್ಲರೂ ಡಿಗ್ರಿ ಓದುವವರು. ಟ್ರಸ್ಟಿನ ಪಟ್ಟಿಯಲ್ಲಿ ಎರಡು ವಿಧದ ವಿದ್ಯಾರ್ಥಿಗಳಿದ್ದರು. ತುಮಕೂರಿನ ದೊಡ್ಡ ಕಾಲೇಜುಗಳವರ ಮುಂದೆ ಇಂಟರ್ನ್ ಎಂದಿತ್ತು. ಇವರ ಮುಂದೆ ಶ್ರಮದಾನ ಎಂದಿತ್ತು. ಇವರು ಗುಂಡಿ ತೆಗೆಯುತ್ತಾರೆ. ಅವರು ಜೂನ್ ಐದಕ್ಕೆ ಬಂದು ಗಿಡ ಇಡುತ್ತಾರೆ. ಅವರಿಗೆ ಹಸಿರು ಟೋಪಿ ಬಂದಿತ್ತು. ಇವರಿಗೆ ಪಿಕಾಸಿ, ಹಾರೆ, ಗುದ್ದಲಿ.

ಮಳೆ ಬಿದ್ದಿರಲಿಲ್ಲ. ನೆಲ ಕಲ್ಲಾಗಿತ್ತು. ಪಿಕಾಸಿ ಬಿದ್ದರೆ ಕಿಡಿ ಹಾರಿ ಪೆಟ್ಟು ವಾಪಸ್ ಭುಜಕ್ಕೆ ಬಡಿಯುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಅಂಗೈ ಬೊಬ್ಬೆ. ಹನ್ನೆರಡಕ್ಕೆ ಬೊಬ್ಬೆ ಒಡೆದು ಹಿಡಿಯೆಲ್ಲ ಒದ್ದೆ. ಹುಡುಗಿಯರು ವೇಲನ್ನು ಹರಿದು ಕೈಗೆ ಸುತ್ತಿಕೊಂಡರು. ಶೌಚಕ್ಕೆ ಮರೆಯಿರಲಿಲ್ಲ. ಅವರು ನೀರು ಕುಡಿಯುವುದನ್ನೇ ಬಿಟ್ಟರು. ಒಬ್ಬಳು ತಲೆ ತಿರುಗಿ ಬಿದ್ದಳು. ಉಸ್ತುವಾರಿ ಗುರುಪ್ರಸಾದ್ ಛತ್ರಿಯ ಕೆಳಗಿನಿಂದಲೇ ಕೂಗಿದ.

"ಏನ್ರಮ್ಮ, ಊರಲ್ಲಿ ಕೂಲಿ ಮಾಡಿ ಅಭ್ಯಾಸ ಇಲ್ವಾ? ಇದೇ ಪ್ರಕೃತಿ ಜೊತೆ ಬೆರೆಯೋದು ಅಂದ್ರೆ!"

"ನೀವೂ ಬನ್ನಿ ಸಾರ್ ಬೆರಿಯೋಕೆ, ಒಂದು ಗುದ್ಲಿ ಸ್ಪೇರ್ ಅದೆ," ಎಂದ ಅಂಜನ್‌ಕುಮಾರ್. ಕುಣಿಗಲ್ ಕಡೆಯವನು, ಬಿಎಸ್ಸಿ ಕೊನೆಯ ವರ್ಷ. ಎಲ್ಲರೂ ನಕ್ಕರು. ಗುರುಪ್ರಸಾದ್ ಅವನ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡ. ಇಂಟರ್ನಲ್ ಮಾರ್ಕ್ಸಿಗೆ ಟ್ರಸ್ಟು ಕೊಡುವ ಸರ್ಟಿಫಿಕೇಟು ಬೇಕಿತ್ತು. ನಗು ನಿಂತಿತು.

ಸುಣ್ಣದ ಪುಡಿಯಲ್ಲಿ ಮೂರು ಮೀಟರಿಗೊಂದು ಚುಕ್ಕಿ ಹಾಕಿದ್ದರು. ನಮ್ಮ ಸಮಾಧಿಗಳಿಗೆ ಕಲ್ಲಿಲ್ಲ, ಹೆಸರಿಲ್ಲ. ನರಿ ತೋಡದಿರಲಿ ಎಂದು ಮೇಲೆ ಮುಳ್ಳು ಹೊರಿಸುತ್ತಾರೆ. ಮುಳ್ಳು ಒಣಗಿ ಉದುರುತ್ತದೆ, ದಿಬ್ಬ ಒಂದು ಮಳೆಗಾಲಕ್ಕೆ ಕೂರುತ್ತದೆ, ಹುಲ್ಲು ಬರುತ್ತದೆ. ಗೊತ್ತಿಲ್ಲದವರಿಗೆ ಅದು ಬಯಲು. ಗೊತ್ತಿದ್ದ ನಾನು ಆ ದಿನ ಪೂರ್ತಿ ಬಯಲನ್ನು ನೋಡುತ್ತ ನಿಂತೆ. ಪಿಕಾಸಿಗಳ ಸದ್ದು ಅವನ ಕಡೆಗೆ ಸಾಲುಸಾಲಾಗಿ ಬರುತ್ತಿತ್ತು. ನನ್ನ ಕಿವಿಯಲ್ಲಿ, ಗಾಳಿ ಇಲ್ಲ, ಗಾಳಿ ಇಲ್ಲ, ಎಂದು ಯಾರೋ ಹೇಳುತ್ತಿದ್ದರು. ಕಟ್ ಮಾಡಿದ ಹತ್ತು ಸೆಕೆಂಡುಗಳೆಲ್ಲ ಎಲ್ಲಿಗೆ ಹೋದವು ಎಂದು ಆಗ ತಿಳಿಯಿತು.

ಎರಡನೇ ದಿನ ಹನ್ನೊಂದು ಗಂಟೆಗೆ ಅಂಜನ್‌ಕುಮಾರ್ ಕರೆದ.

"ಅಕ್ಕ, ಇಲ್ಲಿ ಬಟ್ಟೆ ಸಿಗ್ತಾ ಅದೆ."

ಹೋಗಿ ನೋಡಿದೆ. ನೀಲಿ ನೈಲಾನ್ ಸೀರೆಯ ಅಂಚು. ನೈಲಾನ್ ಮಣ್ಣಿನಲ್ಲಿ ಕೊಳೆಯುವುದಿಲ್ಲ. ಇಳಿಜಾರಿನ ಜಾಗ, ಮಳೆ ನೀರು ಹರಿದು ಮೇಲಿನ ಮಣ್ಣೆಲ್ಲ ಹೋಗಿತ್ತು. ಅಂಚಿನ ಕೆಳಗೆ ಕಂದು ಬಣ್ಣದ್ದೊಂದು ಇತ್ತು. ಅವನು ಅದನ್ನು ಬೇರು ಎಂದುಕೊಂಡು ಎಳೆಯಲು ಹೋಗಿದ್ದ. ಬೇರಲ್ಲ ಎಂದು ಕೈಗೆ ತಿಳಿದಿತ್ತು. ಅವನ ಕೈ ಗಾಳಿಯಲ್ಲೇ ನಿಂತಿತ್ತು.

ಗುರುಪ್ರಸಾದ್ ಬಂದು ಬಗ್ಗಿ ನೋಡಿದ. ಶ್ರೀಕರ ಸರ್‌ಗೆ ಫೋನ್ ಮಾಡಿ ಎರಡು ನಿಮಿಷ ಹೂಂಗುಟ್ಟಿದ.

"ಮುಚ್ಚಿ. ಏನಿಲ್ಲ, ಯಾವ್ದೋ ಹಳೇದು. ಒಂದಡಿ ಪಕ್ಕಕ್ಕೆ ತೆಗೀರಿ. ಯಾರೂ ಫೋಟೋ ಹೊಡಿಬೇಡಿ. ನಡೀರಿ, ನೆಕ್ಸ್ಟ್ ಲೈನ್."

ಮುಂದಿನ ಸಾಲಿನ ಮೂರನೇ ಚುಕ್ಕಿ ಸಿದ್ದಾರ್ಥನ ಎದೆಯ ಮೇಲಿತ್ತು. ಒಬ್ಬ ಹುಡುಗ ಅಲ್ಲಿ ಕಾಲು ಅಗಲಿಸಿ ನಿಂತು ಪಿಕಾಸಿ ಎತ್ತಿದ.

ನಾನು ಓಡಲಿಲ್ಲ. ಕೂಗಲಿಲ್ಲ. ನಡೆದು ಹೋಗಿ ಅವನ ಪಿಕಾಸಿಯ ಕೆಳಗೆ ಕೂತೆ. ಹುಡುಗ ಹೆದರಿ ಪಿಕಾಸಿಯನ್ನು ಪಕ್ಕಕ್ಕೆ ಎಸೆದ. ಅದು ನನ್ನ ಮಂಡಿಯನ್ನು ಸವರಿಕೊಂಡು ಬಿತ್ತು.

"ಸುಧಾ ಅವ್ರೇ, ಏನಿದು ನಾಟಕ?" ಎಂದ ಗುರುಪ್ರಸಾದ್.

"ಇಲ್ಲಿ ಅಗೆಯಲ್ಲ."

"ಯಾರ್ ಹೇಳಿದ್ದು?"

"ನಾನು."

"ನೀವ್ ಯಾರ್ರೀ ಹೇಳೋಕೆ? ಸಂಬಳ ತಗೊಳ್ವಾಗ ಟ್ರಸ್ಟು, ಕೆಲಸ ಅಂದಾಗ ನಿಮ್ಮ ಸುಡುಗಾಡು!"

ಮಕ್ಕಳು ಸುತ್ತ ನಿಂತಿದ್ದರು. ಅವರಿಗೆ ಹೇಳಿದೆ. ಇದು ನನ್ನ ಗಂಡ. ಅಲ್ಲಿ ಸಿಕ್ಕಿದ್ದು ಕಾಲೋನಿಯ ಒಬ್ಬ ಹೆಂಗಸು. ಇವನೂ ಸೇರಿ ಇಲ್ಲಿ ಅರವತ್ತೆರಡು ಜನ ಇದ್ದಾರೆ. ಅವನು ಬರೆದಿದ್ದ. ಅಳಿಸಿದವಳು ನಾನು. ಯಾಕೆ ಅಳಿಸಿದೆ ಎಂದೂ ಹೇಳಿದೆ. ಡಬ್ಬಿಯ ಚಿತ್ರಾನ್ನದ ವಿಷಯವನ್ನೂ ಹೇಳಿದೆ.

ತಲೆ ತಿರುಗಿ ಬಿದ್ದಿದ್ದ ಹುಡುಗಿ ಬಂದು ನನ್ನ ಪಕ್ಕ ಕೂತಳು.

"ನಾನೂ ಕಾಲೇಜಲ್ಲಿ ಅಡ್ರೆಸ್ ಕೇಳಿದ್ರೆ ಬಸ್‌ಸ್ಟ್ಯಾಂಡ್ ಪಕ್ಕ ಅಂತೀನಿ ಅಕ್ಕ," ಎಂದಳು.

"ನಮ್ಮೂರಲ್ಲಿ ನಮ್ ತಾತನ ಮೇಲೆ ಈಗ ಸೈಟ್ ಆಗವೆ ಸಾರ್," ಎಂದ ಅಂಜನ್‌ಕುಮಾರ್. ಪಿಕಾಸಿಯನ್ನು ಗುರುಪ್ರಸಾದನ ಕಾಲ ಬಳಿ ಇಟ್ಟ. "ಆಗ ನಾನು ಐದ್ನೇ ಕ್ಲಾಸು. ಈಗಲ್ಲ."

"ಸರ್ಟಿಫಿಕೇಟ್ ಬೇಡ್ವಾ?"

"ಮಡೀಕೊಳಿ ಸಾರ್. ಛತ್ರಿ ಹಿಡ್ದಿದ್ದಕ್ಕೆ ನಿಮಗೇ ಕೊಟ್ಕಳಿ."

ಎಪ್ಪತ್ತಮೂರು ಪಿಕಾಸಿ, ಗುದ್ದಲಿ, ಹಾರೆ ನೆಲಕ್ಕೆ ಬಿದ್ದವು. ಗುರುಪ್ರಸಾದ್ ಜೀಪು ಹತ್ತಿ ಹೋದ.

ಸುದ್ದಿ ಕಾಲೋನಿಗೆ ಮುಟ್ಟಿತು. ನಮ್ಮತ್ತೆ ಮರಿಯಮ್ಮ ಬಂದಳು. ಎಪ್ಪತ್ತು ದಾಟಿದವಳು, ಬರಿಗಾಲು. ಎದ್ದು ನಿಂತು ಅವಳಿಗೂ ಹೇಳಿದೆ. ಖಾಲಿ ಅಂತ ಬರೆದದ್ದು ನಾನೇ ಅತ್ತೆ, ಎಂದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅಂಜನ್‌ಕುಮಾರ್ ಬಿಡಿಸಿ ಹೇಳಿದ. ಅವಳು ನನ್ನ ಮುಖ ನೋಡಿದಳು.

"ಊರೋರು ಕೆರೆಗೆ ಬುಡ್ನಿಲ್ಲ, ಬಾವಿಗೆ ಬುಡ್ನಿಲ್ಲ. ಸತ್ತೋರ್ನ ಮಾತ್ರ ಯಾರೂ ಎಬ್ಬಿಸಿರ್ಲಿಲ್ಲ ಕಣವ್ವ," ಎಂದಳು. "ಅದ್ಕೆ ನಮ್ ಮನೆ ಸೊಸೆನೇ ಬರಬೇಕಾಯ್ತು."

ಆಮೇಲೆ ನನ್ನ ಜೊತೆ ಮಾತು ಬಿಟ್ಟಳು. ಮಕ್ಕಳ ಕಡೆ ತಿರುಗಿದಳು.

"ಬರ್ರಪ್ಪ. ತೋರುಸ್ತೀನಿ. ಬರ್ಕಳಿ."

ನಾವು ಹಾಗೇ ಹೊರಟುಹೋಗಿದ್ದರೆ ಮರುದಿನ ಜೆಸಿಬಿ ಬರುತ್ತಿತ್ತು. ಅದನ್ನು ಮೊದಲು ಹೇಳಿದವನು ಅಂಜನ್‌ಕುಮಾರ್. ಮುಂದೆ ಏನು ಮಾಡಬೇಕೆಂದು ಕೂತು ಮಾತಾಡಿದವರೂ ಆ ಮಕ್ಕಳೇ. ನನ್ನನ್ನು ಕೇಳಿದ್ದು ಗಿಡ ಎಣಿಸುವ ಖಾಲಿ ನಮೂನೆಗಳನ್ನು ಮಾತ್ರ. ಕೊಟ್ಟೆ.

ಮೂರು ದಿನ ನಡೆದರು. ಮರಿಯಮ್ಮ ಮುಂದೆ, ಅವರು ಹಿಂದೆ. ಅವಳು ಹೆಜ್ಜೆ ಹಾಕಿ ನಿಲ್ಲುತ್ತಿದ್ದಳು, ಹೆಬ್ಬೆರಳಿನಿಂದ ನೆಲ ಒತ್ತುತ್ತಿದ್ದಳು. "ಕೆಂಪಮ್ಮ. ಹೆರಿಗೇಲಿ ಹೋದ್ಲು." "ದಾಸಯ್ಯ. ಮ್ಯಾನ್‌ಹೋಲ್ ಇಳ್ದೋನು ಬರ್ನಿಲ್ಲ." ಜಾತಿಯ ಹೆಸರು ಎಂದು ಬರೆದಿದ್ದ ಕಾಲಮಿನಲ್ಲಿ, ಗಿಡದ ಜಾತಿ ಬರೆಯಬೇಕಾದ ಕಡೆ, ಮಕ್ಕಳು ಸತ್ತವರ ಹೆಸರು ಬರೆದರು. ಎತ್ತರದ ಕಾಲಮಿನಲ್ಲಿ ವಯಸ್ಸು. ಒಂದು ಕಡೆ ಬಂದು ಅವಳು ಸುಮ್ಮನೆ ನಿಂತಳು.

"ಇವ್ರ್ಯಾರಜ್ಜಿ?"

"ಸಿದ್ದನ ಅಪ್ಪ."

"ಹೆಸರು?"

"ಅದೆಂಗ್ಲಾ ಹೇಳ್ಲಿ, ಗಂಡನ ಹೆಸರ?" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿಯರು ನಕ್ಕರು, ಅವಳೂ ನಕ್ಕಳು. ಬಿಸಿಲು ಏರುವ ತನಕ ಅಲ್ಲೇ ನಿಂತಿದ್ದು, ಕೊನೆಗೆ ಯಾರಿಗೂ ಅಲ್ಲ ಎಂಬಂತೆ ನೆಲಕ್ಕೆ ಹೇಳಿದಳು. "ಹುಚ್ಚಯ್ಯ." ಹುಡುಗಿಯೊಬ್ಬಳು ಬರೆದುಕೊಂಡಳು.

ಸಿದ್ದಾರ್ಥ ಕೂಸುಗಳನ್ನು ಎಣಿಸಿರಲಿಲ್ಲ. ಹೆಸರಿಡುವ ಮೊದಲೇ ಹೋದವು. ಮರಿಯಮ್ಮನಿಗೆ ಅವೂ ಗೊತ್ತಿದ್ದವು. ಎಲ್ಲ ಸೇರಿ ಎಂಬತ್ತೊಂದು ಆಯಿತು. ನಮೂನೆಗಳ ಒಂದು ಪ್ರತಿಯನ್ನು ಗುಬ್ಬಿ ತಾಲ್ಲೂಕು ಕಚೇರಿಗೆ ಕೊಟ್ಟು ಸೀಲು ಹಾಕಿಸಿಕೊಂಡು ಬಂದರು. ಇನ್ನೊಂದು ಪ್ರತಿಯನ್ನು ಟ್ರಸ್ಟಿಗೆ ಕಳಿಸಿದರು. ಜೂನ್ ನಾಲ್ಕರಂದು ಟ್ರಸ್ಟಿನಿಂದ ನನಗೆ ಒಂದು ಮೆಸೇಜ್ ಬಂತು. ನಾಳೆಯ ಕಾರ್ಯಕ್ರಮ ಇದ್ದ ಹಾಗೇ ನಡೆಯುತ್ತದೆ, ನೀವು ಬರುವುದು ಬೇಡ.

ಜೂನ್ ಐದು. ಬೆಳಿಗ್ಗೆ ಎಂಟು ಗಂಟೆಗೆ ಮಕ್ಕಳು ಬಯಲಿಗೆ ಬಂದು ನಿಂತರು. ಒಂದು ಸಮಾಧಿಗೆ ಒಬ್ಬರು. ಘೋಷಣೆ ಇಲ್ಲ, ಬ್ಯಾನರ್ ಇಲ್ಲ. ಕೈ ಇಳಿಬಿಟ್ಟು ಸುಮ್ಮನೆ ನಿಂತರು. ಮರಿಯಮ್ಮ ತನ್ನ ಗಂಡನ ಬಳಿ. ನಾನು ನನ್ನ ಗಂಡನ ಬಳಿ. ಕೂಸುಗಳಿಗೆ ಜನ ಸಾಲಲಿಲ್ಲ. ಆ ಆರು ಹಾಗೇ ಉಳಿದವು.

ದೂರದಿಂದ ಬಸ್ಸುಗಳು ಬಂದವು. ಹಸಿರು ಟೋಪಿಗಳು ಇಳಿದವು. ಕೈಯಲ್ಲಿ ಹೊಂಗೆ, ಬೇವು. ಮೈಕಿನಲ್ಲಿ ಶ್ರೀಕರ ಸರ್ ಸ್ವಾಗತ ಎಂದರು. ಬಯಲು ನೋಡಿ ಅರ್ಧಕ್ಕೆ ನಿಲ್ಲಿಸಿದರು. ಮುಖ್ಯ ಅತಿಥಿಯ ಕಾರು ರಸ್ತೆಯಲ್ಲೇ ನಿಂತು, ಸ್ವಲ್ಪ ಹೊತ್ತಾದ ಮೇಲೆ ತಿರುಗಿಕೊಂಡಿತು.

ಟೋಪಿಯವರಲ್ಲಿ ಒಬ್ಬಳು ಗಿಡ ಹಿಡಿದು ನಡೆದು ಬಂದಳು. ಕತ್ತಿನ ಕಾರ್ಡಿನಲ್ಲಿ ಮೈತ್ರೇಯಿ ಎಂದಿತ್ತು. ಹಾಸ್ಟೆಲ್ ಹುಡುಗಿಯೊಬ್ಬಳ ಎದುರು ನಿಂತಳು.

"ಹಾಯ್. ನೀವೂ ಪ್ಲಾಂಟ್ ಮಾಡೋಕ್ ಬಂದಿದೀರಾ? ನಿಮ್ ಹೆಸರು?"

"ಕೆಂಪಮ್ಮ," ಎಂದಳು ಹುಡುಗಿ. "ಇಪ್ಪತ್ತು ವರ್ಷ. ಹೆರಿಗೇಲಿ ಸತ್ತೆ. ನೀವು ನನ್ ಕಾಲ್ ಮೇಲೆ ನಿಂತಿದೀರ."

ಮೈತ್ರೇಯಿ ಪಕ್ಕದವನನ್ನು ನೋಡಿದಳು.

"ದಾಸಯ್ಯ," ಎಂದ ಅಂಜನ್‌ಕುಮಾರ್. "ನನ್ ಹೆಣ ಎತ್ತೋಕೆ ಎರಡು ದಿನ ಆಯ್ತು."

ಅವಳು ಗಿಡವನ್ನು ಎದೆಗೆ ಒತ್ತಿ ಹಿಡಿದು, ಬಂದ ದಾರಿಯಲ್ಲೇ ಹೆಜ್ಜೆ ನೋಡಿಕೊಂಡು ವಾಪಸ್ಸು ಹೋದಳು. ಅವಳ ಹಿಂದೆ ಬರುತ್ತಿದ್ದವರು ನಿಂತರು. ಅವಳು ಏನೋ ಹೇಳಿದಳು. ಒಬ್ಬೊಬ್ಬರೇ ಟೋಪಿ ತೆಗೆದರು.

ಅಪರ್ಣ ಮೇಡಂ ನಿಲ್ಲಲಿಲ್ಲ. ಬಯಲನ್ನು ದಾಟಿ ನೇರ ನನ್ನ ಹತ್ತಿರ ಬಂದರು. ಮುಖ ಕೆಂಪಾಗಿತ್ತು.

"ಸುಧಾ, ದಿಸ್ ಈಸ್ ಟೂ ಮಚ್. ಮಕ್ಕಳ ತಲೆ ಕೆಡಿಸಿದೀರ."

ನಾನು ಅವನ ಹೆಸರನ್ನು ಹದಿನಾಲ್ಕು ತಿಂಗಳಿಂದ ಗಟ್ಟಿಯಾಗಿ ಹೇಳಿರಲಿಲ್ಲ. ಬರೆದಿದ್ದೆ, ಬಾಯಿಬಿಟ್ಟು ಹೇಳಿರಲಿಲ್ಲ.

"ಸಿದ್ದಾರ್ಥ," ಎಂದೆ. "ಇಪ್ಪತ್ತೆಂಟು ವರ್ಷ. ಚಪ್ಪಲಿ ಹಾಕ್ಕೊಂಡು ಬೆಂಕಿ ಆರಿಸೋಕೆ ಹೋಗಿದ್ದೆ. ನೀವೇ ಕಳ್ಸಿದ್ರಿ ಮೇಡಂ."

ಅವರು ನನ್ನ ಮುಖ ನೋಡಿದರು, ಆಮೇಲೆ ತಮ್ಮ ಕಾಲ ಕೆಳಗಿನ ಹುಲ್ಲು ನೋಡಿದರು. ಒಂದು ಹೆಜ್ಜೆ ಹಿಂದಕ್ಕೆ ಎತ್ತಿದರು.

"ನೋಡ್ಕಂಡವ್ವ," ಎಂದಳು ಮರಿಯಮ್ಮ ಹಿಂದಿನಿಂದ. "ಅಲ್ಲೊಂದು ಕೂಸೈತೆ."

ಅಪರ್ಣ ಮೇಡಂ ಎತ್ತಿದ ಕಾಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಒಂಟಿ ಕಾಲಿನಲ್ಲಿ ನಿಂತರು.